ಬಿ.ಎ. ಓದಿದ ಎಂಜಿನಿಯರ್

ಸಿಇಟಿ ಫಲಿತಾಂಶ ಬಂದ ಮೇಲೆ ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಲ್ಲಿ ಮೆಕ್ಕೆಜೋಳದ ಧಾರಣೆಗಿಂತ ಸೀಟಿನ ಮಾತೇ ಜೋರು. ‘ನಿಮ್ಮ ಹುಡುಗಂಗೆ ಯಾವ ಬ್ರ್ಯಾಂಚು ಸಿಕ್ತು?’ ‘ಕಂಪ್ಯೂಟರ್ ಸೈನ್ಸು.’ ಅಲ್ಲಿಗೆ ಮಾತು ಸುಖವಾಗಿ ಮುಗಿಯುತ್ತದೆ. ‘ಬಿ.ಎ.ಗೆ ಸೇರಿದಾನೆ’ ಎಂದರೆ ಎದುರಿನವರು ಸ್ವಲ್ಪ ತಡೆದು, ‘ಹೋಗ್ಲಿ ಬಿಡ್ರಿ, ಕೆಎಎಸ್ ಗೀಎಎಸ್ ಮಾಡ್ಕೋಬಹುದು’ ಎಂದು ಸಮಾಧಾನ ಹೇಳುತ್ತಾರೆ. ಎರಡನ್ನೂ ಓದಿಸೋಣ ಎಂಬುವರು ಅಪರೂಪ.

ಓದುವುದಕ್ಕೆ ಈಗ ಅಡ್ಡಿಯೇನಿಲ್ಲ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಒಪ್ಪಿಗೆ ಕೊಟ್ಟಿತು. ನಮ್ಮೂರಿನ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವ ಹುಡುಗಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಕಟ್ಟಲು ದಾರಿ ತೆರೆದಿದೆ. 1951ರಲ್ಲಿ ಶುರುವಾದ ಯುಬಿಡಿಟಿ ಇಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ. ಆ ವಿಶ್ವೇಶ್ವರಯ್ಯನವರೇ ಮೊದಲು ಬಿ.ಎ. ಮಾಡಿದವರು! ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಪದವಿ ಪಡೆದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಆಗಿನ ಬಿ.ಎ.ಯಲ್ಲಿ ಗಣಿತವೂ ಇತ್ತು, ಇಂದಿನದರ ಜತೆ ಇಟ್ಟು ತೂಗಬಾರದು, ಒಪ್ಪೋಣ. ಆದರೂ 1915ರಲ್ಲಿ ಸಾಹಿತ್ಯ ಪರಿಷತ್ತು, ಮರುವರ್ಷ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ದಿವಾನರ ಕುರ್ಚಿಯಲ್ಲಿದ್ದದ್ದು ಒಬ್ಬ ಎಂಜಿನಿಯರ್ ಎಂಬುದನ್ನು ನಾವು ಬರೀ ಜಯಂತಿ ಭಾಷಣಕ್ಕೆ ಬಿಟ್ಟುಬಿಟ್ಟಿದ್ದೇವೆ. ಅವರ ಹೆಸರಿನ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳಿಗೆ ಕೊಡುವ ‘ಸಾಂಸ್ಕೃತಿಕ ಕನ್ನಡ’ ಒಂದೇ ಒಂದು ಕ್ರೆಡಿಟ್ಟಿನದು.

ಎರಡು ಪದವಿ ಯಾತಕ್ಕೆ ಎಂದು ಕೇಳುವವರು ಒಮ್ಮೆ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿಬರಬೇಕು. ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಸುರಿದರೆ ಕಣ್ಣುಮಿಟುಕಿಸುವಷ್ಟರಲ್ಲಿ ಅರಳುತ್ತದೆ. ತಡವಾದರೆ ಸೀಯುತ್ತದೆ. ಒಲೆಯ ಮುಂದೆ ನಿಂತವನ ಬನಿಯನ್ನು ಮೈಗಂಟಿರುತ್ತದೆ, ಹೊಗೆಗೆ ಗೋಡೆ ಕಪ್ಪಿಟ್ಟಿರುತ್ತದೆ. ನಮ್ಮ ಸಂಜೆಯ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಹಿಂದೆ ಇರುವುದು ಇದು. ಎಂಜಿನಿಯರ್ ಅಲ್ಲಿ ನೋಡುವುದು ಉರುವಲು, ಪೋಲಾಗುವ ಶಾಖ, ಚಿಮಣಿಯ ಎತ್ತರ. ಅದು ಬೇಕೇಬೇಕು. ಆದರೆ ಭಟ್ಟಿ ಯಾರದು, ಜಾಗ ಯಾರದು, ಕೂಲಿ ದಿನದ ಲೆಕ್ಕವೋ ಚೀಲದ ಲೆಕ್ಕವೋ, ಹೊಸ ಯಂತ್ರ ಬಂದರೆ ಚೀಲ ಹೊಲಿಯುವ ಹೆಂಗಸರ ಗತಿಯೇನು ಎಂದು ಕೇಳದೆ ಕೂರಿಸಿದ ಒಲೆ ಆರು ತಿಂಗಳಲ್ಲಿ ಮೂಲೆ ಸೇರುತ್ತದೆ. 2016ರಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಗೇ ಸೇರಿತಲ್ಲ, ಆಗ ಬೇಕಾಗಿದ್ದದ್ದು ಈ ಎರಡೂ ಬಗೆಯ ಪ್ರಶ್ನೆಗಳನ್ನು ಒಂದೇ ತಲೆಯಲ್ಲಿಟ್ಟುಕೊಂಡವರು. ಹರಿಹರದಲ್ಲೂ ಅಷ್ಟೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳ ಗುಣ ಹೊಗಳುವವರು ಈಗಲೂ ಸಿಗುತ್ತಾರೆ. ಕಾರ್ಖಾನೆ ಮುಚ್ಚಿದ ಮೇಲೆ ಊರಿಗೇನಾಯಿತು ಎಂದು ಬರೆಯಲು ಲೇತ್ ಗೊತ್ತಿದ್ದರಷ್ಟೇ ಸಾಲದು.

ನಮ್ಮ ತಕರಾರು ಬೇರೆ ಇದೆ. ಈಗ ತೆರೆದಿರುವ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಎಂಜಿನಿಯರಿಂಗ್ ಹುಡುಗ ಮನಸ್ಸು ಮಾಡಿದರೆ ಇತಿಹಾಸ ಓದಬಹುದು; ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿ ಬಿ.ಎ.ಗೆ ಬಂದ ಹುಡುಗಿ ಬಿ.ಇ.ಯ ಹೊಸ್ತಿಲು ತುಳಿಯುವಂತಿಲ್ಲ, ಭೌತಶಾಸ್ತ್ರ, ಗಣಿತ ಓದಿಲ್ಲವಲ್ಲ. ವಿಶ್ವೇಶ್ವರಯ್ಯನವರು ನಡೆದ ಬಿ.ಎ.ಯಿಂದ ಎಂಜಿನಿಯರಿಂಗಿನ ದಾರಿಯೇ ಅವಳ ಪಾಲಿಗೆ ಮುಚ್ಚಿದೆ. ಪೂರಾ ಪದವಿ ಬೇಡ. ಸರ್ವೇಯಿಂಗ್, ನೀರಾವರಿ, ನಕ್ಷೆ ಓದುವುದು ಇಂಥ ಒಂದೆರಡು ಪೇಪರನ್ನು ಅವಳಿಗೂ ಹೇಳಿಕೊಡಲಿ. ಯುಬಿಡಿಟಿ ಹಿಂದೊಮ್ಮೆ ದಾವಣಗೆರೆ ವಿಶ್ವವಿದ್ಯಾಲಯದ ಕೈಯಲ್ಲೇ ಇತ್ತು. ಈಗ ಎರಡು ವಿಶ್ವವಿದ್ಯಾಲಯಗಳೂ ಸರ್ಕಾರದವೇ. ಇಬ್ಬರು ಕುಲಪತಿಗಳು ಕೂತು ಮಾತಾಡಿದರೆ ಮುಂದಿನ ಜೂನ್‌ಗೆ ಶುರುಮಾಡಬಹುದಾದ ಕೆಲಸ ಇದು.