ಹಿಮದ ನಾಡಿನಲ್ಲಿ ಮೋಟಾರು ಮನೆ

ಮಲಗುವ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ, ಬಚ್ಚಲು ಇವೆಲ್ಲವನ್ನೂ ಅಳವಡಿಸಿ ಕಟ್ಟಿದ ಮೋಟಾರು ವಾಹನಕ್ಕೆ ಮೋಟಾರು ಮನೆಯೆಂದು ಹೆಸರು. ಅಮೆರಿಕದಲ್ಲಿ ಇದು ಮುಖ್ಯವಾಗಿ ಬೇಸಗೆಯ ಪ್ರವಾಸದ ಸಾಧನ. ಆದರೆ ವರ್ಷದ ಹನ್ನೆರಡು ತಿಂಗಳೂ ಇದರಲ್ಲೇ ಬಾಳುವವರೂ ಅಲ್ಲಿ ಅನೇಕರಿದ್ದಾರೆ. ಕೆಲವರಿಗೆ ಅದು ಇಷ್ಟ, ಕೆಲವರಿಗೆ ಅನಿವಾರ್ಯ. 2010ರ ನಂತರದ ಕೆಲವು ವರ್ಷಗಳಲ್ಲಿ ಉತ್ತರ ಡಕೋಟ ಸಂಸ್ಥಾನದ ವಿಲಿಸ್ಟನ್ ಪಟ್ಟಣದ ಸುತ್ತಮುತ್ತ, ಎಣ್ಣೆ ಬಾವಿಗಳ ಕೆಲಸಕ್ಕೆಂದು ಜನರು ಗುಂಪುಗುಂಪಾಗಿ ಬಂದು ಸೇರಿದಾಗ ವಸತಿ ಸಾಲದೆ ಹೋಯಿತು. ಅನೇಕ ಕೆಲಸಗಾರರು ಇಂಥ ಗಾಡಿಮನೆಗಳಲ್ಲಿಯೇ ಚಳಿಗಾಲವನ್ನು ಕಳೆದರು. ಅಲ್ಲಿ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಸೆಂಟಿಗ್ರೇಡು ಕೆಳಗಿಳಿಯುವುದುಂಟು.

ಅಂಥಲ್ಲಿ ಬದುಕಲು ಏನು ಬೇಕು? ದೊಡ್ಡದೊಂದು ಒಲೆ ಬೇಕು, ಗಾಳಿ ಸುಳಿಯದಂತೆ ಕಿಂಡಿಗಳನ್ನೆಲ್ಲ ಮುಚ್ಚಬೇಕು ಎಂದು ಯಾರಾದರೂ ಹೇಳಿಯಾರು. ಈ ಉತ್ತರ ಸಹಜವಾದುದು. ಆದರೆ ಅದನ್ನೇ ನಂಬಿ ನಡೆದರೆ ಪ್ರಾಣಕ್ಕೇ ಸಂಚಕಾರ ಬಂದೀತು. ಗೋಡೆ ಮೊದಲು, ಗಾಳಿ ಎರಡನೆಯದು, ಒಲೆ ಕೊನೆಯದು ಎಂಬುದು ನಮ್ಮ ಅಭಿಪ್ರಾಯ.

ಒಂದು ಲೋಟದ ಹಾಲು ಕೊಳದಪ್ಪಲೆಯ ಹಾಲಿಗಿಂತ ಬೇಗ ಆರುವುದನ್ನು ನಾವೆಲ್ಲ ಕಂಡಿದ್ದೇವೆ. ಗಾತ್ರ ಕಿರಿದಾದಷ್ಟೂ ಅದಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಮೋಟಾರು ಮನೆ ಈ ಲೋಟದಂತೆ. ಅದರ ಗೋಡೆ ತೆಳು. ನೆಲದಡಿಯಲ್ಲಿಯೂ ಚಳಿಗಾಳಿ ಬೀಸುತ್ತದೆ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಸುಮಾರು 9ರಷ್ಟು ಹಿಗ್ಗುವುದರಿಂದ ಕೊಳವೆಗಳು ಸೀಳುತ್ತವೆ. ಆದುದರಿಂದ ಅನುಭವಸ್ಥರು ಗಾಡಿಯ ಕೆಳಭಾಗದ ಸುತ್ತಲೂ ಶಾಖನಿರೋಧಕ ಹಲಗೆಗಳನ್ನೋ ಹುಲ್ಲಿನ ಹೊರೆಗಳನ್ನೋ ಕಟ್ಟುತ್ತಾರೆ. ಉರುವಲಿನ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಅಡಿಗೆಮನೆಯ ಅನಿಲದಲ್ಲಿ ಬ್ಯೂಟೇನು ಪ್ರೊಪೇನುಗಳು ಬೆರೆತಿರುತ್ತವೆ. ಬ್ಯೂಟೇನು ಸೊನ್ನೆಯ ಆಸುಪಾಸಿನಲ್ಲಿಯೇ ಆವಿಯಾಗುವುದನ್ನು ನಿಲ್ಲಿಸಿ ಸಿಲಿಂಡರಿನಲ್ಲಿ ದ್ರವವಾಗಿ ಕುಳಿತುಬಿಡುತ್ತದೆ. ಪ್ರೊಪೇನಿನ ಕುದಿಬಿಂದುವಾದರೋ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಆದುದರಿಂದಲೇ ಚಳಿನಾಡಿನವರು ಪ್ರೊಪೇನನ್ನು ಆರಿಸಿಕೊಳ್ಳುತ್ತಾರೆ.

ಇನ್ನು ಗಾಳಿಯ ಮಾತು. ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ದಿನಕ್ಕೆ ಸುಮಾರು ಮುಕ್ಕಾಲು ಲೀಟರಿನಷ್ಟು ನೀರು ಆವಿಯಾಗಿ ಹೊರಬೀಳುತ್ತದೆ. ಒಂದು ಕಿಲೋಗ್ರಾಂ ಪ್ರೊಪೇನು ಉರಿದರೆ ಸುಮಾರು 1.6 ಕಿಲೋಗ್ರಾಂ ನೀರು ಹುಟ್ಟುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಸಮೀಕರಣ ಬರೆದು ಇದನ್ನು ತಾವೇ ಪರೀಕ್ಷಿಸಬಹುದು. ಕಿಂಡಿಗಳನ್ನೆಲ್ಲ ಮುಚ್ಚಿ ಅಡಿಗೆಯ ಒಲೆಯನ್ನೇ ಚಳಿ ಕಾಯಲು ಉರಿಸಿದರೆ ಈ ಆವಿಯೆಲ್ಲ ತಣ್ಣನೆಯ ಗೋಡೆಯ ಮೇಲೆ ಇಳಿದು ಮಂಜುಗಡ್ಡೆಯಾಗುತ್ತದೆ. ಹಾಸಿಗೆ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ.

ಇದಕ್ಕೆ ಮದ್ದು ಹೊರಗಿನ ಕೊರೆಯುವ ಗಾಳಿಯೇ! 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿಯಾದರೆ ಸುಮಾರು ಒಂದು ಗ್ರಾಂ ಮಾತ್ರ. ಹೀಗಾಗಿ ಒಳಗೆ ಬಂದು ಬೆಚ್ಚಗಾದ ಹೊರಗಾಳಿ ಬಾಯಾರಿದಂತೆ ತೇವವನ್ನು ಹೀರಿಕೊಂಡು ಮೇಲಿನ ಕಿಂಡಿಯಿಂದ ಹೊರಟುಹೋಗುತ್ತದೆ.

ತೇವಕ್ಕಿಂತ ಘೋರವಾದ ಶತ್ರು ಮತ್ತೊಂದಿದೆ. ಆಮ್ಲಜನಕ ಸಾಲದೆ ಉರಿಯುವ ಒಲೆ ಕಾರ್ಬನ್ ಮಾನಾಕ್ಸೈಡನ್ನು ಉಗುಳುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಬೆಚ್ಚಗಿದೆಯೆಂದು ಮಲಗಿದವರು ಮತ್ತೆ ಏಳದೆ ಹೋಗಬಹುದು. ಆದುದರಿಂದ ಒಲೆಗೆ ಹೊಗೆಯನ್ನು ಹೊರಗೊಯ್ಯುವ ಕೊಳವೆ ಇರಲೇಬೇಕು. ಅದರ ಬಾಯಿಗೆ ಹಿಮ ಕವಿಯದಂತೆ ನೋಡಿಕೊಳ್ಳಬೇಕು. ಈ ಅನಿಲವನ್ನು ಕಂಡೊಡನೆ ಕೂಗಿ ಎಚ್ಚರಿಸುವ ಯಂತ್ರವೂ ಹಾಸಿಗೆಯ ಬಳಿ ಇರಬೇಕು.

ಕಿಂಡಿ ತೆರೆದರೆ ಶಾಖ ಪೋಲಾಗುವುದಿಲ್ಲವೆ ಎಂದು ಕೇಳಬಹುದು. ಆಗುವುದು ನಿಜ. ನಾವು ಲೆಕ್ಕ ಹಾಕಿ ನೋಡಿದೆವು. ಗಂಟೆಗೆ 20 ಘನ ಮೀಟರಿನಂತೆ ಒಳಬರುವ ಗಾಳಿಯನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗಿನಿಂದ 20 ಡಿಗ್ರಿಗೆ ಏರಿಸಲು ದಿನಕ್ಕೆ ಸುಮಾರು ಒಂದು ಕಿಲೋಗ್ರಾಂ ಪ್ರೊಪೇನು ಬೇಕು. ಬಡ ಕೆಲಸಗಾರನಿಗೆ ಇದೂ ಒಂದು ಹೊರೆಯೇ. ಆದರೆ ಉಳಿತಾಯವನ್ನು ಗೋಡೆಯಲ್ಲಿ ಮಾಡಬೇಕೇ ಹೊರತು ಉಸಿರಿನಲ್ಲಿ ಮಾಡಬಾರದು.

ಹಿಮ ಬೀಳದ ನಮಗೆ ಇದರಿಂದೇನು ಎಂದು ವಾಚಕರು ಉದಾಸೀನ ಮಾಡದಿರಲಿ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರು ಉರಿಸಿ ಬೆಂಗಳೂರಿನಲ್ಲಿಯೂ ಜನರು ಸತ್ತಿದ್ದಾರೆ. ಊರು ಬೇರೆಯಾದರೂ ರಸಾಯನಶಾಸ್ತ್ರದ ನಿಯಮ ಒಂದೇ. ಇಂದು ಸಂಜೆ ಮನೆಗೆ ಹೋದೊಡನೆ ನಿಮ್ಮ ಬಚ್ಚಲುಮನೆಯ ಗಾಳಿಕಿಂಡಿ ತೆರೆದಿದೆಯೇ ಎಂದು ಒಮ್ಮೆ ನೋಡಿರಿ.