ಐಸಿಯುನಲ್ಲಿ ಉಮ್ಮ ಏನು ಹೇಳ್ತಿದ್ದಾರೆ?

ವೆಂಟಿಲೇಟರ್ ಹಾಕಿದವರೆಲ್ಲ ಪ್ರಜ್ಞೆಯಿಲ್ಲದೆ ಮಲಗಿರುತ್ತಾರೆ ಎಂದು ನಮ್ಮಲ್ಲಿ ತುಂಬ ಮಂದಿ ತಿಳಿದಿದ್ದಾರೆ. ಹಾಗಲ್ಲ ಮಾರಾಯ್ರೆ. ಮತ್ತಿನ ಮದ್ದು ಕಡಿಮೆ ಮಾಡಿದ ಮೇಲೆ ಅನೇಕರಿಗೆ ಎಚ್ಚರ ಇರುತ್ತದೆ, ನಮ್ಮ ಮಾತು ಕೇಳಿಸುತ್ತದೆ. ಬಾಯಿಂದ ಹಾಕಿದ ನಳಿಕೆ ಧ್ವನಿತಂತುಗಳ ನಡುವಿನಿಂದಲೇ ಹೋಗುವುದರಿಂದ ಸ್ವರ ಮಾತ್ರ ಹೊರಡುವುದಿಲ್ಲ. ನಳಿಕೆ ಎಳೆದುಕೊಂಡಾರೆಂದು ಕೆಲವೊಮ್ಮೆ ಕೈಯನ್ನೂ ಕಟ್ಟಿರುತ್ತಾರೆ. ನೋವು, ಬಾಯಾರಿಕೆ, ಹೆದರಿಕೆ ಎಲ್ಲ ಒಳಗೇ. ಹೇಳಲಾಗದೆ ಒದ್ದಾಡಿದರೆ "ಪೇಶೆಂಟ್ ಗಲಾಟೆ ಮಾಡ್ತಿದ್ದಾರೆ" ಎಂಬ ಹೆಸರು ಬೇರೆ.

2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ವೆಂಟಿಲೇಟರಿನಿಂದ ಹೊರಬಂದ 29 ಮಂದಿಯನ್ನು ವಿಚಾರಿಸಿದರು. ಹೇಳಬೇಕಾದ್ದನ್ನು ಹೇಳಲಾಗದೆ ವಿಪರೀತ ಹತಾಶರಾಗಿದ್ದೆವು ಎಂದವರು 18 ಮಂದಿ. ಚಿತ್ರ, ಪದಗಳಿರುವ ಒಂದು ಬೋರ್ಡ್ ಇದ್ದಿದ್ದರೆ ಅನುಕೂಲವಾಗುತ್ತಿತ್ತು ಎಂದು ಹೆಚ್ಚಿನವರು ಹೇಳಿದರು. ಬೋರ್ಡ್ ಅಂದರೆ ಯಂತ್ರವೇನಲ್ಲ, ಲ್ಯಾಮಿನೇಟ್ ಮಾಡಿದ ಹಾಳೆ. ನೋವು, ಉಸಿರು ಕಟ್ಟುತ್ತಿದೆ, ಕಫ ತೆಗೆಯಿರಿ, ಚಳಿ, ಮಗ್ಗುಲು ಬದಲಿಸಿ, ಮನೆಯವರನ್ನು ಕರೆಯಿರಿ. ರೋಗಿ ಬೆರಳು ತೋರಿಸಿದರೆ ಸಾಕು.

ಆದರೆ ಯಾವ ಭಾಷೆಯಲ್ಲಿ? ಇದನ್ನು ಬರೆಯುತ್ತಿರುವುದು ಚಿಂಚೋಳಿಯಿಂದ. ತೆಲಂಗಾಣದ ಗಡಿಗೆ ಹತ್ತಿದ ತಾಲ್ಲೂಕು. ಕನ್ನಡ, ದಖನಿ, ತೆಲುಗು, ಲಂಬಾಣಿ ನಾಲ್ಕೂ ಇಲ್ಲಿ ಮನೆಮಾತುಗಳೇ. ಕಾಯಿಲೆ ಜೋರಾದರೆ ಕಲಬುರಗಿಗೋ ಹೈದರಾಬಾದಿಗೋ ಒಯ್ಯಬೇಕು. ಅಲ್ಲಿ ಬೋರ್ಡ್ ಇಂಗ್ಲಿಷಿನಲ್ಲಿದ್ದರೆ, 'ದರ್ದ್', 'ಪಾನಿ' ಎಂದೇ ಬದುಕಿದ ಅಜ್ಜಿ ಏನು ಮಾಡಬೇಕು? ಮಂಗಳೂರಿನಲ್ಲಿ ಬ್ಯಾರಿ ಬಿಟ್ಟು ಬೇರೆ ಬಾರದ, ಓದು ಬರಹ ಕಲಿಯದ ನಮ್ಮ ಹಿರಿಯರ ಪಾಡೂ ಅದೇ. ಅಕ್ಷರ ತೋರಿಸಿ ಪದ ಕಟ್ಟಲಿ ಅನ್ನುವುದಾದರೆ, ಕನ್ನಡದ 49 ಅಕ್ಷರ, ಕಾಗುಣಿತ, ಒತ್ತು ದಾಟುವಷ್ಟರಲ್ಲಿ ರೋಗಿ ಸುಸ್ತು. ಚಿತ್ರವೇ ಮೇಲು, ಜೊತೆಗೆ ಮನೆಮಾತಿನ ಒಂದು ಪದ.

ಕುತ್ತಿಗೆಯಲ್ಲಿ ರಂಧ್ರ ಮಾಡಿ ನಳಿಕೆ ಹಾಕಿದವರಲ್ಲಿ ಕೆಲವರಿಗೆ ಮಾತಾಡಿಸುವ ವಾಲ್ವ್ ಕೂಡ ಇದೆ. 1980ರ ದಶಕದಲ್ಲಿ ಅದನ್ನು ರೂಪಿಸಿದ ಡೇವಿಡ್ ಮ್ಯೂಯರ್ ಸ್ವತಃ ವೆಂಟಿಲೇಟರ್ ಆಶ್ರಯಿಸಿದ್ದ ಅಮೆರಿಕದ ಯುವಕ. ಎಲ್ಲರಿಗೂ ಅದು ಆಗದು, ಡಾಕ್ಟರನ್ನೇ ಕೇಳಬೇಕು.

ಮನೆಯವರಿಗೂ ಕೆಲಸ ಇದೆ. ಒಳಗೆ ಬಿಟ್ಟ ಹತ್ತು ನಿಮಿಷದಲ್ಲಿ ಅಳುತ್ತಾ ನಿಲ್ಲಬೇಡಿ. ಕನ್ನಡಕ, ಕಿವಿಯ ಯಂತ್ರ ಕೊಟ್ಟಿದ್ದಾರಾ ನೋಡಿ. "ಏನಾಗ್ತಿದೆ?" ಅಂದರೆ ಅವರು ಹೇಗೆ ಉತ್ತರಿಸಬೇಕು? "ನೋವಿದೆಯಾ?" ಎನ್ನಿ, ಹೌದಾದರೆ ಒಂದು ಸಲ, ಅಲ್ಲವಾದರೆ ಎರಡು ಸಲ ಕಣ್ಣು ಮುಚ್ಚಲಿ. ಒಂದು ಪ್ರಶ್ನೆ, ಆಮೇಲೆ ಕಾಯಿರಿ. ಈ ಸನ್ನೆಯನ್ನು ನರ್ಸಿಗೂ ತಿಳಿಸಿ, ಮಂಚದ ತಲೆಯ ಬಳಿ ಬರೆದು ಅಂಟಿಸಲು ಕೇಳಿ.

ಜಮಾಅತ್‌ಗಳು, ಸಂಘಟನೆಗಳು ಆಂಬುಲೆನ್ಸ್ ಓಡಿಸುತ್ತವೆ, ಐಸಿಯು ಬಿಲ್ಲಿಗೆ ಹಣ ಕೂಡಿಸುತ್ತವೆ. ಅದರ ಮುಂದೆ ಈ ಹಾಳೆಯ ಖರ್ಚು ಏನೂ ಅಲ್ಲ. ನರ್ಸುಗಳನ್ನು ಕೂರಿಸಿಕೊಂಡು ಬ್ಯಾರಿಯಲ್ಲಿ ಒಂದು ಬೋರ್ಡ್ ಮಾಡಿ, 'ದುಆ ಮಾಡಿ' ಎಂಬ ಚಿತ್ರವೂ ಅದರಲ್ಲಿರಲಿ. ಪದ ಬದಲಿಸಿ ದಖನಿಯಲ್ಲಿ, ಲಂಬಾಣಿಯಲ್ಲಿ ನಾವು ಇಲ್ಲಿ ಮುದ್ರಿಸಿಕೊಳ್ಳುತ್ತೇವೆ.