ಮುಚ್ಚಿಟ್ಟ ಚುಚ್ಚುಮದ್ದು



ಕಳೆದ ತಿಂಗಳು ನಮ್ಮ ಮದ್ರಸದ ವಿದ್ಯಾರ್ಥಿನಿಯೊಬ್ಬಳ ತಾಯಿ ನನ್ನನ್ನು ಕಾಣಲು ಬಂದಿದ್ದರು. ಆ ಹುಡುಗಿ ಮೂರು ವಾರಗಳಿಗೊಮ್ಮೆ ತಪ್ಪದೆ ಗೈರುಹಾಜರಾಗುತ್ತಿದ್ದಳು. ಕಾರಣ ಕೇಳಿದಾಗ ಆ ತಾಯಿ ಬಾಗಿಲಿನತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: "ಹೃದಯದ ತೊಂದರೆಗೆ ಇಂಜೆಕ್ಷನ್ ಕೊಡಿಸುತ್ತಿದ್ದೇವೆ ಟೀಚರ್. ಯಾರಿಗೂ ಹೇಳಬೇಡಿ. ಹೆಣ್ಣು ಮಗು, ನಾಳೆ ಮದುವೆಯಾಗಬೇಕಲ್ಲ?"

ಈ ಮಾತನ್ನು ನಾನು ಕೇಳಿದ್ದು ಇದೇ ಮೊದಲಲ್ಲ. ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳತಿಯೊಬ್ಬಳ ನೆನಪಾಯಿತು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳ ಉಮ್ಮ ಈಗಲೂ ನಮ್ಮ ಊರಿನಲ್ಲಿದ್ದಾರೆ.

1993ರಲ್ಲಿ ನಾವಿಬ್ಬರೂ ಎಂಟನೇ ತರಗತಿಗೆ ಸೇರಿದೆವು. ಬೆಳಿಗ್ಗೆ ಮದ್ರಸ ಮುಗಿಸಿ, ಗಂಜಿ ಕುಡಿದು, ಗದ್ದೆಯ ಬದುವಿನಲ್ಲಿ ಜೊತೆಯಾಗಿ ಶಾಲೆಗೆ ನಡೆಯುತ್ತಿದ್ದೆವು. ಅವಳ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ. ಸಂಜೆ ಉಮ್ಮನ ಜೊತೆ ಬೀಡಿ ಕಟ್ಟಲು ಕುಳಿತರೆ, ಮೊರ ಮಡಿಲಲ್ಲಿರುವಾಗಲೇ ನನಗೆ ಬೀಜಗಣಿತ ಹೇಳಿಕೊಡುತ್ತಿದ್ದಳು. ಆದರೆ ದಿಣ್ಣೆ ಹತ್ತುವಾಗ ಮಾತ್ರ ಎರಡು ಸಲ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು.

ಇಪ್ಪತ್ತೊಂದು ದಿನಗಳಿಗೊಮ್ಮೆ, ಅದೂ ಬುಧವಾರವೇ, ಅವಳು ಆಸ್ಪತ್ರೆಗೆ ಹೋಗಬೇಕಿತ್ತು. ಮರುದಿನ ಕುಂಟುತ್ತಾ ಬರುತ್ತಿದ್ದಳು. ಕೇಳಿದವರಿಗೆ "ಜಾರಿ ಬಿದ್ದೆ" ಎನ್ನುತ್ತಿದ್ದಳು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ಯಾರಿಗೂ ಹೇಳುವುದಿಲ್ಲವೆಂದು ಅವಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಅವಳಿಗಿದ್ದ ಕಾಯಿಲೆಯ ಬಗ್ಗೆ ನಾನು ಸರಿಯಾಗಿ ತಿಳಿದುಕೊಂಡದ್ದು ಬಹಳ ತಡವಾಗಿ. ಮಕ್ಕಳಿಗೆ ಸೋಂಕಿನಿಂದ ಗಂಟಲು ನೋವು ಬರುತ್ತದೆ. ಎಲ್ಲಾ ಗಂಟಲು ನೋವೂ ಅಪಾಯಕಾರಿಯಲ್ಲ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬಂದದ್ದಾಗಿದ್ದು, ಚಿಕಿತ್ಸೆ ಸಿಗದಿದ್ದರೆ, ಕೆಲವು ಮಕ್ಕಳಿಗೆ ಎರಡು ಮೂರು ವಾರಗಳ ನಂತರ ಜ್ವರ ಬಂದು ಗಂಟುಗಳು ಊದಿಕೊಳ್ಳುತ್ತವೆ. ಇಂದು ಮೊಣಕಾಲು, ನಾಳೆ ಹಿಮ್ಮಡಿಯ ಗಂಟು, ನಾಡಿದ್ದು ಮೊಣಕೈ, ಹೀಗೆ ನೋವು ಜಾಗ ಬದಲಿಸುತ್ತದೆ. ವೈದ್ಯರು ಇದನ್ನು ರುಮ್ಯಾಟಿಕ್ ಜ್ವರ ಎನ್ನುತ್ತಾರೆ. 5ರಿಂದ 15 ವರ್ಷದೊಳಗಿನ ಮಕ್ಕಳಲ್ಲೇ ಇದು ಹೆಚ್ಚು. ಗಂಟು ನೋವು ವಾಸಿಯಾಗುತ್ತದೆ. ಆದರೆ ಹೃದಯದ ಕವಾಟಗಳಿಗೆ ಆದ ಗಾಯ ಉಳಿದುಬಿಡಬಹುದು. ಜ್ವರ ಮರುಕಳಿಸಿದಷ್ಟೂ ಕವಾಟ ಕೆಡುತ್ತದೆ. ಅದನ್ನು ತಡೆಯಲೆಂದೇ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು. ಕವಾಟ ಕೆಟ್ಟಿದ್ದರೆ 40 ವರ್ಷದವರೆಗೂ, ಕೆಲವರಿಗೆ ಜೀವನಪರ್ಯಂತವೂ ಬೇಕಾಗುತ್ತದೆ.

1999ರಲ್ಲಿ ಅವಳಿಗೆ ಸಂಬಂಧ ಕೂಡಿಬಂತು. ಹುಡುಗನ ಕಡೆಯ ಹೆಂಗಸರು ನಮ್ಮ ಮನೆಗೂ ಬಂದರು. ಚಹಾ ಕುಡಿಯುತ್ತಾ ನನ್ನನ್ನು ಕೇಳಿದರು: "ನೀನು ಅವಳ ಗೆಳತಿಯಲ್ಲವೇ ಮಗಳೇ? ಹುಡುಗಿಗೆ ಕಾಯಿಲೆ ಕಸಾಲೆ ಏನಾದರೂ ಉಂಟೇ?"

ನಾನು "ಇಲ್ಲ" ಎಂದೆ.

ವಿವಾಹದ ವಿಷಯದಲ್ಲಿ ವಿಚಾರಿಸಿದವರಿಗೆ ಇದ್ದುದನ್ನು ಹೇಳುವುದು ಪರದೂಷಣೆಯಲ್ಲ ಎಂಬ ಪಾಠವನ್ನು ನಾನು ಆ ವರ್ಷವೇ ಓದಿದ್ದೆ. ಆದರೂ ಗೆಳತಿಯ ಬಾಳು ಹಸನಾಗಲಿ ಎಂದು ಸುಳ್ಳು ಹೇಳಿದೆ. ಅವಳು ಅಂದು ಸಂಜೆ ನನ್ನ ಕೈ ಹಿಡಿದು ಅತ್ತಿದ್ದಳು, ಸಂತೋಷದಿಂದ.

ಗಂಡನ ಮನೆಯಲ್ಲಿ ಮೂರು ವಾರಗಳಿಗೊಮ್ಮೆ ಆಸ್ಪತ್ರೆಗೆ ಹೋಗಲು ಏನೆಂದು ಕಾರಣ ಹೇಳುವುದು? ಚುಚ್ಚುಮದ್ದು ನಿಂತಿತು. 2001ರಲ್ಲಿ ಗರ್ಭಿಣಿಯಾದಳು. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಕಿರಿದಾದ ಕವಾಟಕ್ಕೆ ಆ ಹೊರೆಯನ್ನು ತಾಳಿಕೊಳ್ಳಲಾಗುವುದಿಲ್ಲ. ಎಂಟನೇ ತಿಂಗಳಲ್ಲಿ ಅವಳಿಗೆ ರಾತ್ರಿ ಅಂಗಾತ ಮಲಗಲು ಆಗುತ್ತಿರಲಿಲ್ಲ. ಗೋಡೆಗೊರಗಿ ಕುಳಿತೇ ನಿದ್ರಿಸುತ್ತಿದ್ದಳು. ಬಸುರಿಯ ಆಯಾಸವೆಂದು ಎಲ್ಲರೂ ತಿಳಿದರು. ಆಸ್ಪತ್ರೆಗೆ ತಲುಪಿದಾಗ ತಡವಾಗಿತ್ತು. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಅವಳಿಗಾಗ 21 ವರ್ಷ.

ಮಯ್ಯಿತ್ ಮನೆಯಲ್ಲಿ ಅವಳ ಪತಿ ನನ್ನ ತಮ್ಮನೊಡನೆ ಹೇಳಿದನಂತೆ: "ನನಗೊಂದು ಮಾತು ಗೊತ್ತಿರುತ್ತಿದ್ದರೆ ನಾನೇ ಕರೆದುಕೊಂಡು ಹೋಗುತ್ತಿದ್ದೆ." ಅವನು ಹಾಗೆ ಮಾಡುತ್ತಿದ್ದನೋ ಅಥವಾ ಮದುವೆಯನ್ನೇ ಬೇಡವೆನ್ನುತ್ತಿದ್ದನೋ, ಬಲ್ಲವನು ಅಲ್ಲಾಹನು. ಬೇಡವೆಂದಿದ್ದರೂ ಅವಳು ಅವಿವಾಹಿತೆಯಾಗಿಯಾದರೂ ಬದುಕಿರುತ್ತಿದ್ದಳೇನೋ ಎಂದು ನನಗನಿಸುತ್ತದೆ.

ಸಹೋದರಿಯರೇ, ಮಗಳ ಕಾಯಿಲೆಯನ್ನು ಊರಿಗೆಲ್ಲಾ ಸಾರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅವಳ ಜೊತೆ ಬಾಳುವವನಿಗೆ ಗೊತ್ತಿರಬೇಡವೇ? ಮದುವೆಗೆ ಮೊದಲು ಹೃದಯದ ವೈದ್ಯರಿಗೆ ತೋರಿಸಿ, ಎಕೋ ಪರೀಕ್ಷೆ ಮಾಡಿಸಿ. ಕಿರಿದಾದ ಕವಾಟವನ್ನು ಅನೇಕರಿಗೆ ಎದೆ ಸೀಳದೆಯೇ ಬಲೂನಿನಿಂದ ಅಗಲಿಸಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ಇದೆ. ಸರಿಯಾದ ಸಮಯದಲ್ಲಿ ಚಿಕಿತ್ಸೆ ಪಡೆದು, ವೈದ್ಯರ ನಿಗಾದಲ್ಲಿ ಹೆತ್ತು, ಮಕ್ಕಳನ್ನು ಸಾಕಿದವರು ಎಷ್ಟೋ ಮಂದಿ ಇದ್ದಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆಗೆ ಬರುವ ವೈದ್ಯರ ತಂಡ ಈ ಕಾಯಿಲೆಯನ್ನೂ ಗಮನಿಸುತ್ತದೆ. ಅಂದು ಮಗಳನ್ನು ಶಾಲೆ ತಪ್ಪಿಸಬೇಡಿ.

ಸೊಸೆ ನೋಡಲು ಹೋಗುವ ತಾಯಂದಿರಿಗೂ ಒಂದು ಮಾತು. ಸತ್ಯ ಹೇಳಿದವರ ಮನೆಯಿಂದ ನಾವು ಚಹಾ ಮುಗಿಸದೇ ಎದ್ದು ಬಂದರೆ, ಮುಂದಿನ ಮನೆಯವರು ಸತ್ಯ ಹೇಳುತ್ತಾರೆಯೇ? ಮುಚ್ಚಿಟ್ಟವರ ತಪ್ಪಿನಲ್ಲಿ ನಮ್ಮ ಪಾಲೂ ಇಲ್ಲವೇ?

ಮೊನ್ನೆ ಬಂದ ಆ ತಾಯಿಗೆ ನಾನು ಗೆಳತಿಯ ಕಥೆಯನ್ನು ಪೂರ್ತಿ ಹೇಳಿದೆ. ನಾನು ಹೇಳಿದ ಸುಳ್ಳನ್ನೂ ಸೇರಿಸಿ. ಅವರು ಏನೂ ಹೇಳದೆ ಎದ್ದು ಹೋದರು. ಮುಂದಿನ ಸರದಿಯ ದಿನ ಆ ಹುಡುಗಿ ರಜಾ ಚೀಟಿ ತಂದಳು. ಅದರಲ್ಲಿ ಅವಳ ತಾಯಿ ಬರೆದಿದ್ದರು: "ಇಂಜೆಕ್ಷನ್‌ಗೆ ಹೋಗಲಿಕ್ಕಿದೆ."

ಅಲ್ಲಾಹನು ನನ್ನ ಗೆಳತಿಗೆ ಮಗ್ಫಿರತ್ ನೀಡಲಿ. ನಿಮ್ಮ ದುಆದಲ್ಲಿ ಅವಳನ್ನೂ ಸೇರಿಸಿಕೊಳ್ಳಿ.